ಅವ್ವನ ರೊಟ್ಟಿ ಲೆಕ್ಕ, ನನ್ನ ಎಕ್ಸೆಲ್ ಶೀಟು

ನಮ್ಮ ಆಫೀಸಿನಲ್ಲಿ ಎರಡು ವಾರಕ್ಕೊಮ್ಮೆ ಒಂದು ಮೀಟಿಂಗ್ ಇರುತ್ತೆ. ರೆಟ್ರೊ ಅಂತ ಅದರ ಹೆಸರು. ಐಟಿಯಲ್ಲಿ ಇರೋರಿಗೆ ಗೊತ್ತಿರುತ್ತೆ. ಏನು ಚೆನ್ನಾಗಾಯ್ತು, ಏನು ಕೆಟ್ಟಿತು, ಮುಂದಿನ ಸಲ ಏನು ಬದಲಾಯಿಸೋಣ ಅನ್ನೋ ಮೂರು ಪ್ರಶ್ನೆ, ಬಣ್ಣಬಣ್ಣದ ಚೀಟಿ, ಒಂದು ಗಂಟೆ. ಎಂಟು ವರ್ಷದಲ್ಲಿ ಇಂಥ ನೂರಾರು ಮೀಟಿಂಗಿನಲ್ಲಿ ಕೂತಿದ್ದೇನೆ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಮೀಟಿಂಗಿನಲ್ಲಿ ನನ್ನ ಕ್ಯಾಮೆರಾ ಆಫ್ ಇತ್ತು, ನಾನು ತರಕಾರಿ ಆರ್ಡರ್ ಮಾಡ್ತಾ ಇದ್ದೆ.

ಈ ವರ್ಷ ಏಪ್ರಿಲ್ ಮೊದಲ ವಾರ ಹುಬ್ಬಳ್ಳಿಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ರೆಟ್ರೊ ಮಾಡಿದೆವು. ಕ್ಯಾಮೆರಾ ಆಫ್ ಮಾಡಿ ಬಚಾವಾಗುವ ಹಾಗಿರಲಿಲ್ಲ. ಎದುರಿಗೆ ಅವ್ವ ಕೂತಿದ್ದಳು.

ಅವ್ವ ಆರು ವರ್ಷದಿಂದ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಜೊತೆಗೆ ಶೇಂಗಾ ಚಟ್ನಿಪುಡಿ. ಅವಳ ಜೊತೆ ಇಬ್ಬರು ಹೆಂಗಸರು ಕೆಲಸ ಮಾಡುತ್ತಾರೆ. ನಾನು ಅವರನ್ನು ದೊಡ್ಡಕ್ಕ, ಸಣ್ಣಕ್ಕ ಅಂತ ಕರೆಯುತ್ತೇನೆ, ಇಲ್ಲೂ ಹಾಗೇ ಕರೀತೀನಿ. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಎರಡು ಗಂಟೆವರೆಗೆ ಟಪಟಪ ಅಂತ ರೊಟ್ಟಿ ಬಡಿಯುವ ಸದ್ದು. ಊರಿಗೆ ಹೋದಾಗ ಆ ಸದ್ದಿನಲ್ಲೇ ನನ್ನ ಸ್ಟ್ಯಾಂಡ್‌ಅಪ್ ಕಾಲ್ ನಡೆಯುತ್ತದೆ. ನಮ್ಮ ಮ್ಯಾನೇಜರ್ ಒಮ್ಮೆ, ಮನೆಯಲ್ಲಿ ತಬಲಾ ಕ್ಲಾಸ್ ನಡೀತಿದೆಯಾ ಅಂತ ಕೇಳಿದ್ದರು.

ವಾರ್ಷಿಕ ಲೆಕ್ಕ ನೋಡೋಣ ಅಂತ ನಾನೇ ಹಟ ಹಿಡಿದೆ. ಅದಕ್ಕೆ ಒಂದು ಕಾರಣ ಇತ್ತು. ಮಾರ್ಚ್‌ನಲ್ಲಿ ಫೋನ್ ಮಾಡಿದಾಗ ಅವ್ವ ಮಾತಿನ ನಡುವೆ, "ಈ ತಿಂಗಳ ಸ್ವಲ್ಪ ರೊಕ್ಕ ಹಾಕ್ತಿಯೇನವಾ, ಜೋಳ ತರೋದೈತಿ" ಅಂದಳು. ಆರು ವರ್ಷದಲ್ಲಿ ಒಂದು ದಿನವೂ ಹಾಗೆ ಕೇಳಿದವಳಲ್ಲ. ಅದೂ ಯಾವ ವರ್ಷ? ವ್ಯಾಪಾರ ಎಲ್ಲಕ್ಕಿಂತ ಹೆಚ್ಚಾದ ವರ್ಷ. ಆರ್ಡರ್ ಜಾಸ್ತಿ, ದುಡ್ಡು ಕಮ್ಮಿ. ಎಲ್ಲೋ ಬಗ್ ಇದೆ ಅಂತ ನನ್ನ ಇಂಜಿನಿಯರ್ ತಲೆಗೆ ಹೊಳೆಯಿತು. ಆ ಬಗ್ ಯಾರು ಬರೆದದ್ದು ಅಂತ ಮಾತ್ರ ಹೊಳೆಯಲಿಲ್ಲ.

ಮೊದಲು ಕಾಗದ ಹುಡುಕಾಟ

ಶನಿವಾರ ಪೂರ್ತಿ ಲೆಕ್ಕ ಒಟ್ಟು ಮಾಡೋದರಲ್ಲೇ ಹೋಯಿತು. ಅವ್ವನ ಲೆಕ್ಕ ನಾಲ್ಕು ಕಡೆ ಇತ್ತು. ಒಂದು, ನೂರು ಪುಟದ ಶಾಲೆಯ ನೋಟ್‌ಬುಕ್. ಎರಡು, ಯುಪಿಐ ಸ್ಟೇಟ್‌ಮೆಂಟ್. ಮೂರು, ವಾಟ್ಸಾಪಿನಲ್ಲಿ ಬಂದ ಆರ್ಡರುಗಳು. ನಾಲ್ಕು, ದೇವರ ಮಾಡದ ಕೆಳಗಿನ ಡಬ್ಬಿಯಲ್ಲಿ ಗ್ಯಾಸ್, ಕೊರಿಯರ್, ಗಿರಣಿ ಚೀಟಿಗಳು.

ನಮ್ಮ ಅಜ್ಜನದು ಸಣ್ಣ ಕಿರಾಣಿ ಅಂಗಡಿ ಇತ್ತು. ಅವನ ಹತ್ತಿರ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕಗಳಿದ್ದವು. ದಿನದ ಜಮಾ ಖರ್ಚು ಬರೆಯೋಕೆ ಕಿರ್ದಿ, ಒಬ್ಬೊಬ್ಬರ ಲೆಕ್ಕ ಬೇರೆ ಬೇರೆ ಪುಟಕ್ಕೆ ಏರಿಸೋಕೆ ಖತಾವಣಿ. ದೀಪಾವಳಿಗೆ ಲಕ್ಷ್ಮೀಪೂಜೆಯಲ್ಲಿ ಆ ಪುಸ್ತಕಕ್ಕೂ ಅರಿಶಿನ ಕುಂಕುಮ. ನಮ್ಮ ಕಡೆ ಅಂಗಡಿಗಳಲ್ಲಿ ಈಗಲೂ ಇದೆ. ಚಿಕ್ಕವಳಿದ್ದಾಗ ಅದನ್ನು ಬರೀ ಪೂಜೆ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅದೂ ಒಂಥರಾ ವಾರ್ಷಿಕ ರಿವ್ಯೂ ದಿನ. ಹಳೆ ಪುಸ್ತಕ ಮುಚ್ಚಬೇಕಾದರೆ ಯಾರು ಎಷ್ಟು ಕೊಡಬೇಕು, ನಾವು ಯಾರಿಗೆ ಎಷ್ಟು ಕೊಡಬೇಕು ಅಂತ ಕೂಡಿಸಿ ಕಳೆಯಲೇಬೇಕಿತ್ತು. ಅಜ್ಜ ಎಂಟನೇ ಇಯತ್ತೆ. ನಾನು ಬಿಇ. ಅವನ ಪುಸ್ತಕ ಪಕ್ಕಾ ಇತ್ತು, ನನ್ನ ಸ್ವಂತ ಖರ್ಚಿನ ಲೆಕ್ಕ ನನಗೇ ಗೊತ್ತಿಲ್ಲ.

ಇಲ್ಲೊಂದು ವಿಷಯ ಹೇಳಿಬಿಡ್ತೀನಿ, ಮನೆಯಲ್ಲಿ ಸಣ್ಣ ವ್ಯಾಪಾರ ಇರೋರಿಗೆ ಉಪಯೋಗ ಆಗಬಹುದು. ಅವ್ವನ ಯುಪಿಐಗೆ ರೊಟ್ಟಿ ದುಡ್ಡೂ ಬರುತ್ತಿತ್ತು, ನಾನು ಮನೆ ಖರ್ಚಿಗೆ ಹಾಕೋ ದುಡ್ಡೂ ಬರುತ್ತಿತ್ತು, ಮಹಿಳಾ ಮಂಡಳದ ಚಂದಾನೂ ಅಲ್ಲಿಗೇ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ರಾತ್ರೋರಾತ್ರಿ ಕ್ಯೂಆರ್ ಕೋಡ್ ಮಾಯವಾಗಿ 'ನೋ ಯುಪಿಐ' ಚೀಟಿ ಬಂದಿತ್ತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗೋದು ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದ ಮೇಲೆ, ಸೇವೆಗೆ 20 ಲಕ್ಷ. ಅವ್ವ ಅದರ ಹತ್ತಿರಕ್ಕೂ ಇಲ್ಲ. ಆದರೆ ಯಾರಾದರೂ ಕೇಳಿದರೆ ಇದರಲ್ಲಿ ಮಾರಾಟದ ದುಡ್ಡು ಎಷ್ಟು, ಮಗಳು ಹಾಕಿದ್ದೆಷ್ಟು ಅಂತ ತೋರಿಸೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಮೊದಲ ನಿರ್ಧಾರ ಲೆಕ್ಕ ಮುಗಿಯುವ ಮೊದಲೇ ಆಯಿತು: ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್.

ಮಾರಾಟ ಮೇಲೆ, ಲಾಭ ಕೆಳಗೆ

ಸಂಜೆ ಚಹಾ ಹೊತ್ತಿಗೆ ಒಟ್ಟು ಅಂಕಿ ಸಿಕ್ಕಿತು. ಹಿಂದಿನ ವರ್ಷದ ಮಾರಾಟ 5,60,000. ಈ ವರ್ಷ 7,56,000. ಅಂದರೆ ಶೇಕಡಾ 35 ಹೆಚ್ಚು. ನನ್ನ ಅಪ್ರೈಸಲ್‌ನಲ್ಲಿ ಇಂಥ ಅಂಕಿ ಬಂದಿದ್ದರೆ ಇಡೀ ಫ್ಲೋರಿಗೆ ಸಿಹಿ ಹಂಚುತ್ತಿದ್ದೆ.

"ಎಷ್ಟ ಉಳೀತವಾ?" ಅಂದಳು ಅವ್ವ.

ಅದಕ್ಕೆ ಒಂದೊಂದು ಸಾಮಾನಿನ ಲೆಕ್ಕ ಬೇರೆ ಬೇರೆ ಹಾಕಬೇಕಾಯಿತು. ಹತ್ತು ರೊಟ್ಟಿಯ ಪ್ಯಾಕೆಟ್ಟಿಗೆ 80 ರೂಪಾಯಿ. ಅದಕ್ಕೆ ಅರ್ಧ ಕಿಲೋ ಹಿಟ್ಟು, ಬೀಸಿದ ಕೂಲಿ ಸೇರಿ 28. ಗ್ಯಾಸ್ 9. ರೊಟ್ಟಿಗೆ ಎರಡೂವರೆ ರೂಪಾಯಿಯಂತೆ ಕೂಲಿ 25. ಕವರು, ಲೇಬಲ್ಲು 4. ಒಟ್ಟು 66. ಉಳಿಯೋದು 14. ವರ್ಷಕ್ಕೆ 6,000 ಪ್ಯಾಕೆಟ್ ಊರಲ್ಲೇ ಹೋಗಿತ್ತು, ಅಂದರೆ 84,000.

ಚಟ್ನಿಪುಡಿ 200 ಗ್ರಾಮಿಗೆ 80 ರೂಪಾಯಿ. ಶೇಂಗಾ, ಬೆಳ್ಳುಳ್ಳಿ, ಖಾರ, ಕೂಲಿ, ಕವರು ಎಲ್ಲ ಸೇರಿ 46. ಉಳಿಯೋದು 34. ರೊಟ್ಟಿಗಿಂತ ಎರಡು ಪಟ್ಟಿಗೂ ಹೆಚ್ಚು! ಆದರೆ ಹೋಗಿದ್ದು ಬರೀ 1,200 ಪ್ಯಾಕೆಟ್. ಯಾಕೆ? ಪ್ರತಿ ರೊಟ್ಟಿ ಪ್ಯಾಕೆಟ್ಟಿನ ಜೊತೆ ಒಂದು ಸಣ್ಣ ಪುಡಿ ಪೊಟ್ಟಣ ಅವ್ವ ಸುಮ್ಮನೆ ಕೊಡುತ್ತಿದ್ದಳು. ಬರಿ ರೊಟ್ಟಿ ಹೆಂಗ ಕೊಡೋದು, ಛಂದ ಕಾಣಂಗಿಲ್ಲ ಅನ್ನೋದು ಅವಳ ಮಾತು. ಪೊಟ್ಟಣಕ್ಕೆ ಮೂರು ರೂಪಾಯಿ ಖರ್ಚು, ವರ್ಷಕ್ಕೆ 18,000. ಎಲ್ಲಕ್ಕಿಂತ ಹೆಚ್ಚು ದುಡಿಯೋ ಸಾಮಾನನ್ನೇ ನಾವು ಪುಕ್ಕಟೆ ಹಂಚುತ್ತಿದ್ದೆವು.

ಆಮೇಲೆ ಬೆಂಗಳೂರು ಪಾರ್ಸೆಲ್ಲಿನ ಶೀಟು ತೆರೆದೆ. ಇದು ನನ್ನ ಐಡಿಯಾ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿತ್ತಲ್ಲ, ಆಗಿನಿಂದ ನಮ್ಮ ಆಫೀಸಿನ ಕೆಫೆಟೇರಿಯಾದಲ್ಲೂ ಜೋಳ, ಸಜ್ಜೆಯ ಮಾತು ಶುರುವಾಗಿತ್ತು. ನಮ್ಮವ್ವನ ರೊಟ್ಟಿ ಯಾಕೆ ಬೆಂಗಳೂರಿಗೆ ಬರಬಾರದು ಅಂತ ನಾನೇ ಇನ್‌ಸ್ಟಾಗ್ರಾಮ್ ಪೇಜ್ ಮಾಡಿ, ತಿಂಗಳಿಗೆ 2,000 ರೂಪಾಯಿ ಜಾಹೀರಾತು ಹಾಕಿ ಹೋದ ಏಪ್ರಿಲ್‌ನಲ್ಲಿ ಶುರು ಮಾಡಿಸಿದ್ದೆ. ವರ್ಷಕ್ಕೆ 300 ಆರ್ಡರ್. ಮಾರಾಟ 1,80,000. ಟೀಮ್ ಲಂಚಿನಲ್ಲಿ ಇದನ್ನ ಎಷ್ಟು ಸಲ ಹೇಳಿಕೊಂಡಿದ್ದೀನೋ ಲೆಕ್ಕವಿಲ್ಲ.

ಒಂದು ಆರ್ಡರ್ ಅಂದರೆ ಐದು ಪ್ಯಾಕೆಟ್. ಪ್ಯಾಕೆಟ್ಟಿಗೆ 100ರಂತೆ 500, ಕಳಿಸೋ ಖರ್ಚು ಅಂತ 100, ಒಟ್ಟು 600 ಬರುತ್ತೆ. ನಮ್ಮ ಖರ್ಚು ರೊಟ್ಟಿಗೆ 330, ಡಬ್ಬಿ ಮತ್ತು ಬಬಲ್ ಕವರಿಗೆ 40, ಕೊರಿಯರ್ 130. ಒಟ್ಟು 500. ನೂರು ರೂಪಾಯಿ ಉಳಿಯಿತು ಅಂತ ಖುಷಿಯಾದೆ. ಆದರೆ ಕೊರಿಯರ್ ಚೀಟಿ ಎಣಿಸಿದರೆ 300 ಇರಬೇಕಾದದ್ದು 360 ಇತ್ತು.

"ಇದೇನವ್ವಾ, ಅರವತ್ತು ಹೆಚ್ಚಿಗಿ ಅದಾವಲ್ಲ?"

ಅವ್ವ ಮೆಂತೆ ಸೊಪ್ಪು ಬಿಡಿಸುತ್ತಾ ಇದ್ದಳು. ತಲೆ ಎತ್ತಲಿಲ್ಲ. "ಒಡದ ಹೋದುವು. ಮಂದಿ ಫೋಟೋ ಕಳಸ್ತಿದ್ರು, ರೊಟ್ಟಿ ಹೋಗಿ ಪುಡಿ ಆಗಿರ್ತಿತ್ತು. ಪಾಪ, ರೊಕ್ಕಾ ಕೊಟ್ಟಿರ್ತಾರ. ಮತ್ತ ಕಳಸ್ತಿದ್ದೆ."

"ನನಗ ಯಾಕ ಹೇಳ್ಲಿಲ್ಲ?"

"ನೀ ಭಾಳ ಹುರುಪಿನಿಂದ ಮಾಡಿಕೊಟ್ಟಿದ್ದಿ. ನಿನಗ ಬ್ಯಾಸರ ಆಗ್ತೈತಿ ಅಂತ ಸುಮ್ಮನಾದೆ."

ಐದು ಪಾರ್ಸೆಲ್ಲಿಗೆ ಒಂದು ಒಡೆಯುತ್ತಿತ್ತು. ಐದರಿಂದ ಬಂದ ಐನೂರು ರೂಪಾಯಿ ಲಾಭ, ಒಡೆದ ಒಂದನ್ನು ಮತ್ತೆ ಕಳಿಸೋ ಐನೂರಕ್ಕೆ ಸರಿಹೋಗುತ್ತಿತ್ತು. ನಿವ್ವಳ ಸೊನ್ನೆ. ಜಾಹೀರಾತಿನ 24,000 ಸೇರಿಸಿದರೆ ಸೊನ್ನೆಗಿಂತ ಕೆಳಗೆ. ನಮ್ಮವ್ವ ಒಂದು ವರ್ಷ ಸಂಜೆಯೆಲ್ಲ ಕೂತು ಡಬ್ಬಿ ಕಟ್ಟಿದ್ದು ನನ್ನ ಹುರುಪು ಕೆಡಬಾರದು ಅಂತ.

ಗಂಟೆಗೆ ಎಷ್ಟು?

ಕೂಡಿಸಿ ಕಳೆದೆ. ರೊಟ್ಟಿಯ 84,000, ಪುಡಿಯ 40,800. ಅದರಲ್ಲಿ ಜಾಹೀರಾತು 24,000 ಹೋಯಿತು, ಪುಕ್ಕಟೆ ಪೊಟ್ಟಣದ 18,000 ಹೋಯಿತು, ಕರೆಂಟು ಮತ್ತು ಆಟೊ ಖರ್ಚು 10,800 ಹೋಯಿತು. ಉಳಿದದ್ದು 72,000. ತಿಂಗಳಿಗೆ ಆರು ಸಾವಿರ. ಹಿಂದಿನ ವರ್ಷ 78,000 ಉಳಿದಿತ್ತು. ಮಾರಾಟ ಶೇಕಡಾ 35 ಏರಿದ ವರ್ಷ ಲಾಭ ಇಳಿದಿತ್ತು.

ಈ 72,000ದಲ್ಲೂ 41,300 ಉದ್ರಿ. ಇಪ್ಪತ್ತೇಳು ಮಂದಿ ಕೊಡಬೇಕಿತ್ತು. ಒಂದು ಖಾನಾವಳಿಯದೇ 18,000. ಅದಕ್ಕೇ ಜೋಳ ತರೋಕೆ ಕೈಯಲ್ಲಿ ದುಡ್ಡಿರಲಿಲ್ಲ. ಲಾಭ ಪುಸ್ತಕದಲ್ಲಿತ್ತು, ಡಬ್ಬಿಯಲ್ಲಿ ಇರಲಿಲ್ಲ.

ಇನ್ನೊಂದು ಲೆಕ್ಕ ಬಾಕಿ ಇತ್ತು, ಅದನ್ನು ಯಾರೂ ಯಾವತ್ತೂ ಹಾಕಿರಲಿಲ್ಲ. ಅವ್ವ ದಿನಕ್ಕೆ ಕಡಿಮೆ ಅಂದರೂ ಆರು ತಾಸು ಇದಕ್ಕೇ ದುಡಿಯುತ್ತಾಳೆ. ಹಿಟ್ಟು ಬೀಸಿಸೋದು, ರೊಟ್ಟಿ ಒಣಗಿಸೋದು, ಪ್ಯಾಕ್ ಮಾಡೋದು, ಫೋನು, ಉದ್ರಿ ಕೇಳೋದು. ವರ್ಷಕ್ಕೆ 300 ದಿನ ಅಂದರೆ 1,800 ತಾಸು. 72,000ವನ್ನು 1,800ರಿಂದ ಭಾಗಿಸಿದರೆ ತಾಸಿಗೆ 40 ರೂಪಾಯಿ. ದೊಡ್ಡಕ್ಕ ತಾಸಿಗೆ ಇಪ್ಪತ್ತೈದು ರೊಟ್ಟಿ ಬಡಿಯುತ್ತಾಳೆ. ಎರಡೂವರೆಯಂತೆ ಅವಳಿಗೆ ತಾಸಿಗೆ 62 ರೂಪಾಯಿ ಬೀಳುತ್ತದೆ.

ಅವ್ವ ಆ ಎರಡು ಅಂಕಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಕ್ಕಳು. "ಹಂಗಾದ್ರ ನಾ ನನ್ನ ಮನ್ಯಾಗನ ಕಡಿಮಿ ಕೂಲಿಗಿ ದುಡಿಯಾಕತ್ತೀನಿ ಅನ್ನು."

ಅವಳು ನಕ್ಕಿದ್ದಕ್ಕೇ ನನಗೆ ಕಷ್ಟವಾಯಿತು. ಎದ್ದು ಹೋಗಿ ಸುಮ್ಮನೆ ಚಹಾದ ಕಪ್ಪು ತೊಳೆದೆ.

ಸಾಫ್ಟ್‌ವೇರ್ ಲೋಕದಲ್ಲಿ ರೆಟ್ರೊ ಬಗ್ಗೆ ಮೊದಲಿಗೆ ಪುಸ್ತಕ ಬರೆದವರಲ್ಲಿ ನಾರ್ಮನ್ ಕರ್ತ್ ಒಬ್ಬರು. 2001ರ ಪುಸ್ತಕ. ಅವರು ಹೇಳೋ ಮೊದಲ ನಿಯಮದ ಸಾರ ಇಷ್ಟೇ: ಆಗ ಗೊತ್ತಿದ್ದಷ್ಟರಲ್ಲಿ, ಕೈಯಲ್ಲಿ ಇದ್ದಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮ ಕೈಲಾದಷ್ಟು ಚೆನ್ನಾಗಿಯೇ ಮಾಡಿದ್ದಾರೆ ಅಂತ ನಂಬಿ ಮಾತು ಶುರು ಮಾಡಬೇಕು. ಆಫೀಸಿನ ಗೋಡೆಯ ಮೇಲೆ ಇದನ್ನು ಅಂಟಿಸಿದ್ದಾರೆ, ನಾನು ಒಂದು ದಿನವೂ ಗಮನ ಕೊಟ್ಟಿರಲಿಲ್ಲ. ಆ ದಿನ ಅದು ನನಗೇ ಬೇಕಾಯಿತು. ಇಲ್ಲದಿದ್ದರೆ ನಾನು ಅವ್ವನಿಗೆ, ಲೆಕ್ಕ ಸರಿಯಾಗಿ ಇಟ್ಟಿಲ್ಲ ಅಂತ ರೇಗಿ ನನ್ನ ತಪ್ಪು ಮುಚ್ಚಿಕೊಳ್ಳುತ್ತಿದ್ದೆ. ನನ್ನ ಸ್ವಭಾವ ನನಗೆ ಗೊತ್ತಲ್ಲ.

ಶೀಟಿನಲ್ಲಿ ಇಲ್ಲದ ಒಂದು ಸಾಲು

ಭಾನುವಾರ ಬೆಳಿಗ್ಗೆ ನಾನು ನಿರ್ಧಾರ ಮಾಡಿಯೇ ಎದ್ದಿದ್ದೆ. ಬೆಂಗಳೂರು ಪಾರ್ಸೆಲ್ ಬಂದ್. ಲಾಭ ಇಲ್ಲದ ಫೀಚರ್ ತೆಗೆದುಹಾಕೋದು, ನಮ್ಮ ಕೆಲಸದಲ್ಲಿ ದಿನಾ ಮಾಡೋದೇ. ಐದು ನಿಮಿಷದ ಮಾತು ಅಂದುಕೊಂಡಿದ್ದೆ.

ಅವ್ವ ಕೇಳಿದಳು, "ಆ ಮುನ್ನೂರ ಪಾರ್ಸೆಲ್‌ನ್ಯಾಗ ಎಷ್ಟ ರೊಟ್ಟಿ ಹೋಗಿದ್ದುವು?"

ಹದಿನೈದು ಸಾವಿರ ಅಂದೆ.

"ಅಂದ್ರ ಇವರಿಬ್ಬರ ಕೂಲಿ ಎಷ್ಟಾತು?"

37,500. ನನ್ನ ಶೀಟಿನಲ್ಲಿ ಅದು ಖರ್ಚಿನ ಕಾಲಮ್ಮಿನಲ್ಲಿ ಕೂತಿತ್ತು. ಎರಡು ಮನೆಗಳಲ್ಲಿ ಅದು ಜಮೆಯ ಕಾಲಮ್ಮು. ದೊಡ್ಡಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಸಣ್ಣಕ್ಕನ ಮನೆಯಲ್ಲಿ ದುಡಿಯೋಳು ಅವಳೊಬ್ಬಳೇ. ನಮಗೆ ಸೊನ್ನೆ ಅಂತ ಕಂಡದ್ದು ಅವರಿಗೆ ಸೊನ್ನೆ ಆಗಿರಲಿಲ್ಲ.

"ಬಂದ್ ಮಾಡು, ನಾ ಏನ್ ಬ್ಯಾಡ ಅನ್ನಂಗಿಲ್ಲ. ಆದ್ರ ಅವರ ಕೂಲಿ ಕಡಿಮಿ ಆಗಬಾರದು. ಅದಕ್ಕೊಂದ ಹಾದಿ ಹುಡಕು. ನೀ ಇಂಜಿನಿಯರ್ ಅದಿಯಲ್ಲ!"

ಐದು ನಿಮಿಷದ ಮಾತು ಸಂಜೆಯವರೆಗೆ ಹೋಯಿತು. ಆದರೆ ನಿಜವಾದ ಪ್ಲಾನಿಂಗ್ ಶುರುವಾದದ್ದು ಆ ಷರತ್ತಿನಿಂದಲೇ. ಅಲ್ಲಿಯವರೆಗೆ ನಾನು ಮಾಡುತ್ತಿದ್ದದ್ದು ಬರೀ ಕಳೆಯುವ ಲೆಕ್ಕ.

ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು

ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಅವ್ವನಿಗೆ ಎಕ್ಸೆಲ್ ಚೌಕಗಳಲ್ಲಿ ವರ್ಷ ಕಾಣುವುದಿಲ್ಲ. ಪಕ್ಕದ ಮನೆ ಹುಡುಗನಿಂದ ಎರಡು ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು ತಂದು ನೆಲದ ಮೇಲೆ ಹರಡಿದೆ. ಹನ್ನೆರಡು ಮನೆ ಹಾಕಿದೆ. ದೊಡ್ಡಕ್ಕ, ಸಣ್ಣಕ್ಕನನ್ನೂ ಕರೆದೆವು. ಅವರೂ ಕೂತರು.

ಆಮೇಲೆ ನಾನು ಬರೀ ಬರೆದುಕೊಂಡೆ, ಹೇಳಿದ್ದೆಲ್ಲ ಅವರು ಮೂವರು. ಏಪ್ರಿಲ್, ಮೇ ಮದುವೆ ಕಾಲ, ಬಿಸಿಲೂ ಚಲೋ, ರೊಟ್ಟಿ ಖಡಕ್ ಆಗುತ್ತೆ. ಜೂನ್‌ನಿಂದ ಮಳೆ ಹಿಡಿದರೆ ಗಾಳಿಯ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತೆ, ಆಗ ದೂರ ಕಳಿಸಬಾರದು. ಶ್ರಾವಣದಲ್ಲಿ ನಾಗರಪಂಚಮಿ, ನಮ್ಮ ಕಡೆ ಅದು ಉಂಡಿ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿ ಇಲ್ಲದ ಮನೆ ಇಲ್ಲ. ದೀಪಾವಳಿ ತಿಂಗಳು ರೊಟ್ಟಿ ಕೇಳೋರು ಕಮ್ಮಿ. ಎಳ್ಳ ಅಮಾವಾಸ್ಯೆ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕೇ ಬೇಕು. ಫೆಬ್ರವರಿ, ಮಾರ್ಚ್ ಸುಗ್ಗಿ, ಹೊಸ ಬಿಳಿಜೋಳ ಬರೋ ಕಾಲ.

ಸುಗ್ಗಿ ಅಂದ ತಕ್ಷಣ ಸಣ್ಣಕ್ಕ ಕೇಳಿದಳು, "ಅಕ್ಕಾರ, ನೀವು ತಿಂಗಳಾ ತಿಂಗಳಾ ಅಂಗಡಿಯಾಗ ಜೋಳ ಯಾಕ ತರ್ತೀರಿ? ಸುಗ್ಗಿಯಾಗ ಒಮ್ಮೆ ತಂದು ಬೇವಿನ ಸೊಪ್ಪು ಹಾಕಿ ಇಡಬಾರದ?" ವರ್ಷಕ್ಕೆ 37 ಕ್ವಿಂಟಲ್ ಜೋಳ ಬೇಕು ನಮಗೆ. ಉದ್ರಿಯಲ್ಲಿ ಸಿಕ್ಕಿಕೊಂಡ ದುಡ್ಡು ಮಾರ್ಚ್‌ನಲ್ಲಿ ಕೈಯಲ್ಲಿದ್ದಿದ್ದರೆ ಹತ್ತು ಕ್ವಿಂಟಲ್ಲಾದರೂ ರೈತರ ಹತ್ತಿರವೇ ತರಬಹುದಿತ್ತು. ಉದ್ರಿಯ ನಿಜವಾದ ಬೆಲೆ ಆಗ ಎಲ್ಲರಿಗೂ ಕಂಡಿತು.

ಬೆಂಗಳೂರಿನ ದಾರಿ ಹೇಳಿಕೊಟ್ಟದ್ದು ದೊಡ್ಡಕ್ಕ. "ಒಂದೊಂದ ಡಬ್ಬಿ ಯಾಕ ಕಳಸ್ತೀರಿ? ಒಂದ ದೊಡ್ಡ ಪೆಟ್ಟಿಗಿ ತುಂಬಿ ರಾತ್ರಿ ಬಸ್ಸಿಗಿ ಹಾಕ್ರಿ. ಬಸ್ಸಿನವರ ಕೈಯಾಗ ಕೊಟ್ಟರ ಆತು, ಯಾರೂ ಒಗದಾಡೂದಿಲ್ಲ." ಕೊರಿಯರಿನಲ್ಲಿ ಸಣ್ಣ ಡಬ್ಬಿ ಎಷ್ಟು ಕೈ ದಾಟುತ್ತೋ ಅಷ್ಟು ಸಲ ಬೀಳುತ್ತೆ. ಬಸ್ಸಿನಲ್ಲಿ ಏರಿಸೋದು ಒಮ್ಮೆ, ಇಳಿಸೋದು ಒಮ್ಮೆ. ಇಷ್ಟು ಸರಳ ವಿಷಯ ಒಂದು ವರ್ಷ ನನಗೆ ಹೊಳೆದಿರಲಿಲ್ಲ. ನಾನು ಮನೆಮನೆಗೆ ಡೆಲಿವರಿ ಅನ್ನೋ ಆ್ಯಪ್‌ಗಳ ಗುಂಗಿನಲ್ಲಿದ್ದೆ.

ಕೊನೆಗೆ ಹಾಳೆಯ ಮೇಲೆ ಉಳಿದದ್ದು ಇಷ್ಟು:

ರೊಟ್ಟಿ ಕೊರಿಯರ್ ಬಂದ್. ಜಾಹೀರಾತು ಬಂದ್. ತಿಂಗಳಿಗೆ ಎರಡು ಪೆಟ್ಟಿಗೆ ಬಸ್ಸಿನಲ್ಲಿ ನನ್ನ ಅಪಾರ್ಟ್‌ಮೆಂಟಿಗೆ, ಪೆಟ್ಟಿಗೆಗೆ 40 ಪ್ಯಾಕೆಟ್. ಬೇಕಾದವರು ಶನಿವಾರ ಬಂದು ಒಯ್ಯುತ್ತಾರೆ. ಜೋರು ಮಳೆ ಇದ್ದರೆ ಇಲ್ಲ.

ಪುಕ್ಕಟೆ ಪೊಟ್ಟಣ ಬಂದ್. ಚಟ್ನಿಪುಡಿಯನ್ನೇ ಮುಂದೆ ಮಾಡಿ ಮಾರೋದು. ಅದು ಒಡೆಯಲ್ಲ, ಬೇಗ ಕೆಡಲ್ಲ.

ಊರಲ್ಲಿ ರೊಟ್ಟಿ ಪ್ಯಾಕೆಟ್ 85 ರೂಪಾಯಿ. ಅದರಲ್ಲಿ ರೊಟ್ಟಿಗೆ ಕೂಲಿ ಎರಡೂವರೆಯಿಂದ ಎರಡು ಮುಕ್ಕಾಲು.

ಅವ್ವನಿಗೆ ತಿಂಗಳಿಗೆ 5,000 ಪಗಾರ, ಒಂದನೇ ತಾರೀಖು ಅವಳ ಸ್ವಂತ ಖಾತೆಗೆ. ಇದಕ್ಕೆ ಅವ್ವ ಒಪ್ಪಲೇ ಇಲ್ಲ. ನನ್ನ ರೊಕ್ಕಾ ನಾನ ತಗೊಳ್ಳಾಕ ಪಗಾರ ಯಾಕ ಅಂದಳು. ದೊಡ್ಡಕ್ಕನೇ ಬೈದು ಒಪ್ಪಿಸಿದಳು.

ಉದ್ರಿ ಒಬ್ಬರಿಗೆ 500 ದಾಟಬಾರದು.

ಹೊಸ ಪ್ರಯೋಗ ಒಂದು ಸಲಕ್ಕೆ ಒಂದೇ. ಅದಕ್ಕೆ 5,000 ರೂಪಾಯಿ, ಮೂರು ತಿಂಗಳು, ಅಷ್ಟೇ. ಯಾವಾಗ ನಿಲ್ಲಿಸಬೇಕು ಅಂತ ಶುರು ಮಾಡೋ ಮೊದಲೇ ಬರೆದಿಡಬೇಕು. ಈ ಕೊನೆಯ ಸಾಲು ಮಾತ್ರ ನನ್ನದು. ನನ್ನ ಮೇಲೆ ನಾನೇ ಹಾಕಿಕೊಂಡದ್ದು.

ಮೂರು ತಿಂಗಳಾದ ಮೇಲೆ

ಜೂನ್ ಕೊನೆಗೆ ಮತ್ತೆ ಲೆಕ್ಕ ನೋಡಿದೆವು. ಬೆಲೆ ಏರಿಸಿದ್ದಕ್ಕೆ ಊರಲ್ಲಿ ತಿಂಗಳಿಗೆ 500 ಪ್ಯಾಕೆಟ್ ಹೋಗುತ್ತಿದ್ದದ್ದು 485 ಆಗಿದೆ. ಪುಡಿ ಪೊಟ್ಟಣ ಕೊಡಲ್ಲ ಅಂದಿದ್ದಕ್ಕೆ ಹಳೇ ಗಿರಾಕಿಯೊಬ್ಬರು ಸಿಟ್ಟಾಗಿ ಹೋದರು, ಎರಡು ವಾರ ಬಿಟ್ಟು ಬಂದು ಒಂದು ಪ್ಯಾಕೆಟ್ ಪುಡಿ ಕೊಂಡರು. ಪುಡಿ ತಿಂಗಳಿಗೆ 100 ಇದ್ದದ್ದು 160. ಬಸ್ ಪೆಟ್ಟಿಗೆಯಲ್ಲಿ ಎರಡು ಪ್ಯಾಕೆಟ್ ಒಡೆದರೂ, ಬಾಡಿಗೆ ಕಳೆದು ತಿಂಗಳಿಗೆ 1,300ರ ಆಸುಪಾಸು ಉಳಿಯುತ್ತೆ. ಎಲ್ಲ ಸೇರಿ ಅವ್ವನ ಪಗಾರ ತೆಗೆಯೋ ಮೊದಲು ತಿಂಗಳಿಗೆ 13,800 ಚಿಲ್ಲರೆ. ಹೋದ ವರ್ಷ ಆರು ಸಾವಿರ ಇತ್ತು.

ಇಬ್ಬರ ಕೂಲಿ? ಹೋದ ವರ್ಷ ತಿಂಗಳಿಗೆ ರೊಟ್ಟಿಯ ಕೂಲಿ 15,625. ಈಗ ಆರುನೂರು ರೊಟ್ಟಿ ಕಮ್ಮಿ ಬಡಿದರೂ 15,537. ಪುಡಿ ಹೆಚ್ಚಿದ್ದರಿಂದ ಅದರ ಕೂಲಿ 480 ಹೆಚ್ಚಾಗಿದೆ. ಅಲ್ಲಿಗೆ ಅವ್ವನ ಷರತ್ತು ಉಳಿಯಿತು. ಆರುನೂರು ರೊಟ್ಟಿ ಕಮ್ಮಿ ಅಂದರೆ ದೊಡ್ಡಕ್ಕನ ರಟ್ಟೆ ನೋವಿಗೂ ಸ್ವಲ್ಪ ಸಮಾಧಾನ.

ಉದ್ರಿಯಲ್ಲಿ 17,500 ಬಂದಿದೆ. ಖಾನಾವಳಿಯವರು ಇನ್ನೂ ಒಂದು ರೂಪಾಯಿ ಕೊಟ್ಟಿಲ್ಲ. ಅವ್ವ ಅವರಿಗೆ ರೊಟ್ಟಿ ನಿಲ್ಲಿಸಿದ್ದಾಳೆ. ದಾರಿಯಲ್ಲಿ ಸಿಕ್ಕರೆ ಅವರೇ ಮುಖ ತಿರುಗಿಸುತ್ತಾರಂತೆ, ಕೊಡಬೇಕಾದವರು ಅವರು!

ಇದನ್ನು ಗೆದ್ದೆವು ಅಂತ ಬರೀತಿಲ್ಲ. ಏಪ್ರಿಲ್‌ನಿಂದ ಜೂನ್ ಯಾವ ವರ್ಷವಾದರೂ ಮದುವೆಗಳಿಂದ ಚೆನ್ನಾಗೇ ಇರುತ್ತೆ. ಮಳೆಗಾಲದ ಲೆಕ್ಕ ಬಂದಾಗ ನಿಜ ಗೊತ್ತಾಗುತ್ತೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಅಪ್ಪನ ಅಂಗಡಿ, ಅತ್ತಿಗೆಯ ಹೊಲಿಗೆ, ಅಣ್ಣನ ಡೇರಿ. ವರ್ಷಕ್ಕೊಂದು ಸಲ ಎರಡು ದಿನ ರಜೆ ಹಾಕಿ ಹೋಗಿ ಕೂತುಕೊಳ್ಳಿ. ಒಟ್ಟು ಮಾರಾಟ ನೋಡಬೇಡಿ, ಒಂದೊಂದು ಸಾಮಾನಿನಲ್ಲಿ ಎಷ್ಟು ಉಳಿಯುತ್ತೆ ನೋಡಿ. ಮನೆಯವರ ದುಡಿಮೆಗೆ ತಾಸಿಗೆ ಎಷ್ಟು ಬೀಳುತ್ತೆ ನೋಡಿ. ಕೆಲಸ ಮಾಡೋರನ್ನೂ ಪ್ಲಾನಿಗೆ ಕೂರಿಸಿಕೊಳ್ಳಿ. ಮತ್ತೆ, ನೀವು ಬೆಂಗಳೂರಿನಿಂದ ಹೊತ್ತುಕೊಂಡು ಹೋದ ಐಡಿಯಾದ ಲೆಕ್ಕವನ್ನು ಮೊದಲು ತೆಗೆಯಿರಿ. ಅದರ ಬಗ್ಗೆ ಅವರು ನಿಮಗೆ ನಿಜ ಹೇಳಿರೋದಿಲ್ಲ.

ಮೊನ್ನೆ ರಾತ್ರಿ ಅವ್ವನ ಫೋನು ಬಂತು. ಪಂಚಮಿ ಉಂಡಿಯ ಪ್ರಯೋಗಕ್ಕೆ 5,000 ತೆಗೆದಿಟ್ಟಿದ್ದೇವೆ, ಅದರ ಬಗ್ಗೆ ಇರಬೇಕು ಅಂದುಕೊಂಡೆ. ಅಲ್ಲ.

"ಈ ಸಲದ ಪೆಟ್ಟಿಗಿ ಮಳಿಯಾಗ ತೊಯ್ದ ಬಂತಂತಲ್ಲ, ಆರ ಪ್ಯಾಕೆಟ್ ಹೋದುವು. ಹಾಳಿ ಮ್ಯಾಲ ಕೆಂಪ ಬಣ್ಣ ಹಚ್ಚೀನಿ. ಜುಲೈದಾಗ ಇನ್ನ ಕಳಸೂದ ಬ್ಯಾಡ, ತಿಳೀತಿಲ್ಲ?"

ತಿಳೀತು ಅಂದೆ. ಬೇಸರ ಆಯಿತಾ ಅಂತ ಅವಳು ಕೇಳಲಿಲ್ಲ. ನನಗೆ ಆಗಿರಲೂ ಇಲ್ಲ.